ಕ್ಲೇರ್‌ನ ಒಡತಿ ಎಲಿಜಬೆತ್ ಡಿ ಬರ್ಗ್: ಪದೇ ಪದೇ ಕೇಳುವ ಪ್ರಶ್ನೆಗಳು

## ಮೊದಲ ಪರಿಚಯ

ಈ ಎಲಿಜಬೆತ್ ಡಿ ಬರ್ಗ್ ಯಾರು? ಚುಟುಕಾಗಿ ಹೇಳಿ.

1295ರ ಸೆಪ್ಟೆಂಬರ್ 16ರಂದು ಇಂಗ್ಲೆಂಡಿನ ಟ್ಯೂಕ್ಸ್‌ಬರಿಯಲ್ಲಿ ಹುಟ್ಟಿ, 1360ರ ನವೆಂಬರ್ 4ರಂದು ತೀರಿಕೊಂಡ ಶ್ರೀಮಂತ ಮನೆತನದ ಹೆಣ್ಣುಮಗಳು. ರಾಜ ಒಂದನೇ ಎಡ್ವರ್ಡನ ಮೊಮ್ಮಗಳು. 27 ತುಂಬುವುದರೊಳಗೆ ಮೂರು ಬಾರಿ ಮದುವೆಯಾಗಿ ಮೂರು ಬಾರಿಯೂ ವಿಧವೆಯಾದಳು. ಆಮೇಲಿನ 38 ವರ್ಷ ಮರುಮದುವೆಯ ಗೊಡವೆಗೆ ಹೋಗದೆ, ಇಂಗ್ಲೆಂಡ್, ವೇಲ್ಸ್, ಐರ್ಲೆಂಡ್‌ಗಳಲ್ಲಿ ಹರಡಿದ್ದ ಆಸ್ತಿಯನ್ನು ತಾನೇ ನಿಂತು ನಡೆಸಿದಳು. ಕೇಂಬ್ರಿಜ್‌ನ ಕ್ಲೇರ್ ಕಾಲೇಜು ಇವತ್ತಿಗೂ ಆಕೆಯನ್ನೇ ಸ್ಥಾಪಕಿ ಎಂದು ನೆನೆಯುತ್ತದೆ.

ಆಕೆಯ ಬದುಕಿನ ಯಾವ ತಿರುವನ್ನು ತೆಗೆದುಕೊಂಡರೂ ಅದರ ಬುಡದಲ್ಲಿ ಭೂಮಿ ಇದೆ. ಯಾರನ್ನು ಮದುವೆಯಾದಳು, ಯಾಕೆ ಸೆರೆಯಾದಳು, ಯಾಕೆ ಮತ್ತೆ ಮದುವೆಯಾಗಲಿಲ್ಲ ಎಂಬ ಮೂರಕ್ಕೂ ಕಾರಣ ಅದೇ.

ಇಂಟರ್ನೆಟ್ಟಲ್ಲಿ ಹುಡುಕಿದರೆ ಮೂರು ಎಲಿಜಬೆತ್ ಡಿ ಬರ್ಗ್ ಸಿಗ್ತಾರೆ. ಯಾರು ಯಾರು ಅಂತ ಹೇಗೆ ಗುರುತಿಸೋದು?

ಮೂವರೂ ಒಂದೇ ಕುಟುಂಬದ ಸುತ್ತ ಇದ್ದವರು, ಹಾಗಾಗಿ ಗೊಂದಲ ಸಹಜ.

ಮೊದಲನೆಯವಳು ಸ್ಕಾಟ್ಲೆಂಡಿನ ರಾಣಿ, ರಾಬರ್ಟ್ ಬ್ರೂಸನ ಹೆಂಡತಿ, 1327ರಲ್ಲಿ ತೀರಿಕೊಂಡವಳು. ಐರ್ಲೆಂಡಿನ ಅಲ್ಸ್ಟರ್ ಸೀಮೆಯ ಅರ್ಲ್ ರಿಚರ್ಡ್ ಡಿ ಬರ್ಗ್‌ನ ಮಗಳು (ಅರ್ಲ್ ಎಂದರೆ ದೊಡ್ಡ ಶ್ರೀಮಂತ ಪದವಿ, ಹೆಣ್ಣಾದರೆ ಕೌಂಟೆಸ್). 1306ರಿಂದ 1314ರವರೆಗೆ ಇಂಗ್ಲೆಂಡಿನಲ್ಲಿ ಸೆರೆಯಲ್ಲಿದ್ದು, ಸ್ಕಾಟರು ಇಂಗ್ಲಿಷರನ್ನು ಸೋಲಿಸಿದ ಬ್ಯಾನಕ್‌ಬರ್ನ್ ಯುದ್ಧದ ನಂತರ ಬಿಡುಗಡೆಯಾದಳು.

ಎರಡನೆಯವಳು ಈ ಬರಹದ ನಾಯಕಿ. ಹುಟ್ಟಿದ್ದು ಕ್ಲೇರ್ ಮನೆತನದಲ್ಲಿ. ಮೊದಲ ಗಂಡ ಜಾನ್, ಮೇಲೆ ಹೇಳಿದ ಸ್ಕಾಟ್ ರಾಣಿಯ ಒಡಹುಟ್ಟಿದವನು. ಎಂದರೆ ಆ ರಾಣಿ ಈಕೆಗೆ ನಾದಿನಿ. ಆ ನಾದಿನಿಗೆ ಬಿಡುಗಡೆ ತಂದ ಯುದ್ಧದಲ್ಲೇ ಈಕೆಯ ಅಣ್ಣ ಸತ್ತ.

ಮೂರನೆಯವಳು ಈಕೆಯ ಮೊಮ್ಮಗಳು, ಮಗ ವಿಲಿಯಮ್‌ನ ಮಗಳು, ಅಲ್ಸ್ಟರ್‌ನ ಕೌಂಟೆಸ್. ಹುಟ್ಟಿದ್ದು 1332, ಸತ್ತದ್ದು 1363. ಕವಿ ಚಾಸರ್ ಹುಡುಗನಾಗಿದ್ದಾಗ, 1357ರಲ್ಲಿ, ಊಳಿಗಕ್ಕಿದ್ದದ್ದು ಈ ಮೊಮ್ಮಗಳ ಮನೆಯಲ್ಲಿ. ಅಜ್ಜಿಯ ಮನೆಯಲ್ಲಿ ಎಂದು ಬರೆದಿರುವುದನ್ನು ಕಂಡರೆ ಅದು ತಪ್ಪು.

ಗುರುತಿಗೆ ಒಂದು ಸುಲಭ ದಾರಿ: ‘ಲೇಡಿ ಆಫ್ ಕ್ಲೇರ್’ ಎಂದಿದ್ದರೆ ನಮ್ಮವಳು, ‘ಕೌಂಟೆಸ್ ಆಫ್ ಅಲ್ಸ್ಟರ್’ ಎಂದಿದ್ದರೆ ಮೊಮ್ಮಗಳು. ನಮ್ಮವಳು ಕೌಂಟೆಸ್ ಆಗಲೇ ಇಲ್ಲ. ಗಂಡ ಜಾನ್ ತನ್ನ ಅಪ್ಪನಿಗಿಂತ ಮೊದಲೇ ಸತ್ತದ್ದರಿಂದ ಅರ್ಲ್ ಪದವಿ ಅವನಿಗೆ ಬರಲಿಲ್ಲ.

ಅಪ್ಪ ಅಮ್ಮ ಯಾರು? ರಾಜಮನೆತನದ ನಂಟು ಯಾವ ಕಡೆಯಿಂದ?

ತಾಯಿಯ ಕಡೆಯಿಂದ. ತಾಯಿ ಜೋನ್, ಒಂದನೇ ಎಡ್ವರ್ಡ್ ಮತ್ತು ಕ್ಯಾಸ್ಟೀಲಿನ ಎಲಿನೋರ್ ದಂಪತಿಯ ಮಗಳು. ಎಡ್ವರ್ಡ್ ಕ್ರುಸೇಡ್ ಎಂಬ ಧರ್ಮಯುದ್ಧಕ್ಕೆ ಹೋಗಿದ್ದಾಗ 1272ರಲ್ಲಿ ಆಕ್ರೆ ಪಟ್ಟಣದಲ್ಲಿ ಹುಟ್ಟಿದ್ದರಿಂದ ‘ಆಕ್ರೆಯ ಜೋನ್’ ಎಂದೇ ಹೆಸರು. ತಂದೆ ಗಿಲ್ಬರ್ಟ್ ಡಿ ಕ್ಲೇರ್, ಗ್ಲಾಸ್ಟರ್ ಮತ್ತು ಹರ್ಟ್‌ಫರ್ಡ್‌ಗಳ ಅರ್ಲ್, ‘ಕೆಂಪು ಅರ್ಲ್’ ಎಂದು ಹೆಸರಾದವನು, ವೇಲ್ಸಿನ ಕೆರ್ಫಿಲಿ ಕೋಟೆಯನ್ನು ಕಟ್ಟಿಸಿದವನು.

ಎಲಿಜಬೆತ್ ಹುಟ್ಟಿ ಮೂರು ತಿಂಗಳು ತುಂಬುವ ಮೊದಲೇ, 1295ರ ಡಿಸೆಂಬರ್ 7ರಂದು, ತಂದೆ ತೀರಿಕೊಂಡ. 1297ರಲ್ಲಿ ಜೋನ್ ರಾಜನಿಗೆ ಹೇಳದೆ ಕೇಳದೆ ರಾಲ್ಫ್ ಡಿ ಮಾಂಥರ್ಮರ್ ಎಂಬ ಸಾಮಾನ್ಯ ಯೋಧನನ್ನು ಗುಟ್ಟಾಗಿ ಮದುವೆಯಾದಳು. 1307ರಲ್ಲಿ ತಾಯಿಯೂ ಹೋದಳು. ಎಲಿಜಬೆತ್‌ಗೆ ಆಗ 11 ವರ್ಷ.

ರಾಜ ಎರಡನೇ ಎಡ್ವರ್ಡ್ ಈಕೆಗೆ ಸ್ವಂತ ಸೋದರಮಾವ. ಮೂರನೇ ಎಡ್ವರ್ಡ್ ಸೋದರಮಾವನ ಮಗ. ಈ ಎರಡು ನಂಟುಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸಾಗಿ ಅರ್ಥವಾಗುತ್ತದೆ.

ಹುಟ್ಟಿದಾಗಲೇ ದೊಡ್ಡ ವಾರಸುದಾರಳಾಗಿದ್ದಳಾ?

ಇಲ್ಲ. ನಾಲ್ವರು ಮಕ್ಕಳಲ್ಲಿ ಕೊನೆಯವಳು. ಮೇಲೆ ಅಣ್ಣ ಗಿಲ್ಬರ್ಟ್, ಅಕ್ಕಂದಿರಾದ ಎಲಿನೋರ್ ಮತ್ತು ಮಾರ್ಗರೆಟ್. ಗಂಡುಮಗ ಇರುವಾಗ ಹೆಣ್ಣುಮಕ್ಕಳಿಗೆ ಭೂಮಿಯಲ್ಲಿ ಪಾಲಿಲ್ಲ. 1314ರ ಜೂನ್ 24ರಂದು ಬ್ಯಾನಕ್‌ಬರ್ನ್‌ನಲ್ಲಿ ಅಣ್ಣ 23ರ ಹರೆಯದಲ್ಲಿ ಮಕ್ಕಳಿಲ್ಲದೆ ಸತ್ತದ್ದರಿಂದ ಮೂವರು ತಂಗಿಯರೂ ಒಟ್ಟಿಗೆ ವಾರಸುದಾರರಾದರು. ಆ ಒಂದು ಸಾವು ಮೂವರ ಬದುಕನ್ನೂ ತಲೆಕೆಳಗು ಮಾಡಿತು.

## ಮೂರು ಮದುವೆಗಳು

ಮೊದಲ ಮದುವೆ ಯಾರ ಜೊತೆ? ಹೆಸರು ಯಾಕೆ ಕೊನೇವರೆಗೂ ಡಿ ಬರ್ಗ್ ಅಂತಲೇ ಉಳೀತು?

1308ರ ಸೆಪ್ಟೆಂಬರ್ 30ರಂದು, ವಾಲ್ಥಮ್ ಮಠದಲ್ಲಿ, ರಾಜನ ಸಮ್ಮುಖದಲ್ಲಿ, ಅಲ್ಸ್ಟರ್ ಅರ್ಲ್‌ನ ಮಗ ಜಾನ್ ಡಿ ಬರ್ಗ್ ಜೊತೆ. ಅದು ಕೊಟ್ಟು ತಂದ ಸಂಬಂಧ: ಅದೇ ಹೊತ್ತಿಗೆ ಅಣ್ಣ ಗಿಲ್ಬರ್ಟ್ ಜಾನ್‌ನ ತಂಗಿ ಮಾಡ್‌ಳನ್ನು ಮದುವೆಯಾದ. ಎಲಿಜಬೆತ್‌ಗೆ 13 ವರ್ಷ. ಮರುವರ್ಷ ಐರ್ಲೆಂಡಿಗೆ ಹೋದಳು. 1312ರ ಸೆಪ್ಟೆಂಬರ್ 17ರಂದು ಮಗ ವಿಲಿಯಮ್ ಹುಟ್ಟಿದ. ಮಗುವಿಗೆ ವರ್ಷ ತುಂಬುವ ಮೊದಲೇ, 1313ರ ಜೂನ್‌ನಲ್ಲಿ, ಜಾನ್ ಗಾಲ್ವೇಯಲ್ಲಿ ಸತ್ತ.

ಮೂರು ಮದುವೆಗಳಲ್ಲಿ ಹೆಚ್ಚು ತೂಕದ್ದು ಇದೇ. ಒಬ್ಬನೇ ಮಗ ಹುಟ್ಟಿದ್ದು ಈ ಗಂಡನಿಗೆ, ಗಂಡಂದಿರಲ್ಲಿ ಅರ್ಲ್ ಪದವಿಯ ವಾರಸುದಾರನೂ ಇವನೊಬ್ಬನೇ. ಆದ್ದರಿಂದಲೇ ಆಮೇಲೆ ಎರಡು ಮದುವೆಯಾದರೂ ದಸ್ತಾವೇಜುಗಳಲ್ಲಿ ಆಕೆ ‘ಎಲಿಜಬೆತ್ ಡಿ ಬರ್ಗ್, ಲೇಡಿ ಆಫ್ ಕ್ಲೇರ್’ ಎಂದೇ ಕರೆದುಕೊಂಡಳು.

ಎರಡನೇ ಗಂಡ ಆಕೆಯನ್ನು ಕೋಟೆಯಿಂದ ಹೊತ್ತೊಯ್ದ ಅಂತಾರೆ. ಬಲವಂತವೋ, ಇಬ್ಬರೂ ಸೇರಿ ಮಾಡಿದ್ದೋ?

ನಡೆದದ್ದು ಇಷ್ಟು. ಅಣ್ಣ ಸತ್ತ ಮೇಲೆ ರಾಜ ಆಕೆಯನ್ನು ಐರ್ಲೆಂಡಿನಿಂದ ಕರೆಸಿ ಬ್ರಿಸ್ಟಲ್ ಕೋಟೆಯಲ್ಲಿ ಇರಿಸಿದ. 1316ರ ಫೆಬ್ರವರಿ 4ರಂದು ಥಿಯೊಬಾಲ್ಡ್ ಡಿ ವರ್ಡನ್ ಅಲ್ಲಿಂದ ಕರೆದೊಯ್ದು ಮದುವೆಯಾದ. ಐರ್ಲೆಂಡಿನಲ್ಲಿ ರಾಜನ ಪ್ರತಿನಿಧಿಯಾಗಿ ಆಳಿದ್ದ ದೊಡ್ಡ ಮನುಷ್ಯ ಅವನು. ಮೊದಲ ಹೆಂಡತಿ ತೀರಿಹೋಗಿದ್ದಳು, ಮೂವರು ಹೆಣ್ಣುಮಕ್ಕಳಿದ್ದರು.

ರಾಜನ ಮುಂದೆ ಅವನು ಕೊಟ್ಟ ಉತ್ತರ: ಐರ್ಲೆಂಡಿನಲ್ಲೇ ನಮ್ಮ ನಿಶ್ಚಯವಾಗಿತ್ತು, ಆಕೆ ತಾನಾಗಿ ಕೋಟೆಯಿಂದ ಒಂದು ಹರದಾರಿ ಆಚೆ ಬಂದು ನನ್ನನ್ನು ಸೇರಿಕೊಂಡಳು. ಆಕೆಯ ಬಾಯಿಂದ ಬಂದ ಮಾತು ದಾಖಲೆಯಲ್ಲಿಲ್ಲ. ಓದುವಾಗ ಇದನ್ನು ಮರೆಯಬಾರದು. ಆಗಿನ ಕಾನೂನಿನಲ್ಲಿ ಅಪಹರಣ ಎಂಬ ಆರೋಪ ಹೊರಟದ್ದು ಹೆಣ್ಣಿನ ಒಪ್ಪಿಗೆ ಇರಲಿಲ್ಲ ಎಂಬುದಕ್ಕಿಂತ ಹೆಚ್ಚಾಗಿ, ರಾಜನ ಅಪ್ಪಣೆ ಇರಲಿಲ್ಲ ಎಂಬುದರ ಮೇಲೆ. ರಾಜನಿಂದ ನೇರವಾಗಿ ಭೂಮಿ ಪಡೆದ ಮನೆತನದ ವಿಧವೆ ಮರುಮದುವೆಗೆ ಅಪ್ಪಣೆ ಪಡೆಯಲೇಬೇಕಿತ್ತು. 1215ರ ಮ್ಯಾಗ್ನ ಕಾರ್ಟ ವಿಧವೆಯನ್ನು ಬಲವಂತವಾಗಿ ಮದುವೆ ಮಾಡಿಸಬಾರದು ಎಂದಿತ್ತು, ಆದರೆ ಅಪ್ಪಣೆಯಿಲ್ಲದೆ ಆಗುವುದಿಲ್ಲ ಎಂದು ಆಕೆ ಭದ್ರತೆ ಕೊಡಬೇಕು ಎಂದೂ ಸೇರಿಸಿತ್ತು. ಐರ್ಲೆಂಡಿನಲ್ಲಿ ಇಬ್ಬರಿಗೂ ಪರಿಚಯವಿದ್ದಿರುವ ಸಂಭವ ಹೆಚ್ಚು. ಹಾಗಾಗಿ ಆಕೆಯ ಸಮ್ಮತಿ ಇತ್ತು ಎಂಬ ಕಡೆಗೇ ನಮ್ಮ ಒಲವು.

ಆರು ತಿಂಗಳೂ ಆಗಿರಲಿಲ್ಲ, ಜುಲೈ 27ರಂದು ವರ್ಡನ್ ಸತ್ತ. ಗರ್ಭಿಣಿ ಎಲಿಜಬೆತ್ ಆಮ್ಸ್‌ಬರಿ ಮಠಕ್ಕೆ ಹೋದಳು. ಅಲ್ಲಿ ಆಕೆಯ ಚಿಕ್ಕಮ್ಮ ಮೇರಿ ಸನ್ಯಾಸಿನಿಯಾಗಿದ್ದಳು. 1317ರ ಮಾರ್ಚ್ 21ರಂದು ಮಗಳು ಇಸಬೆಲ್ಲಾ ಹುಟ್ಟಿದಳು. ಎರಡನೇ ಎಡ್ವರ್ಡನ ಹೆಂಡತಿ ರಾಣಿ ಇಸಬೆಲ್ಲಾಳ ಹೆಸರನ್ನೇ ಮಗುವಿಗೆ ಇಟ್ಟರು.

ಮೂರನೇ ಮದುವೆಗೆ ರಾಜನೇ ಒತ್ತಾಯ ಮಾಡಿದ್ದು ಯಾಕೆ?

ತನ್ನ ಮೆಚ್ಚಿನವನಿಗೆ ಆಸ್ತಿ ಮಾಡಿಕೊಡಲು. ರೋಜರ್ ಡಾಮೊರಿ ಸ್ವಂತ ಭೂಮಿ ಅಷ್ಟಾಗಿ ಇಲ್ಲದ ಯೋಧ. ಆಸ್ಥಾನದಲ್ಲಿ ಮಾತ್ರ ಭಾರಿ ಪ್ರಭಾವ. ಎಲಿಜಬೆತ್ ಇನ್ನೂ ವರ್ಡನ್‌ನ ಮಗುವಿನ ಬಸುರಿಯಾಗಿದ್ದಾಗಲೇ ಸೋದರಮಾವನ ಪತ್ರಗಳು ಬಂದವು, ಡಾಮೊರಿಯನ್ನು ಒಪ್ಪಿಕೊ ಎಂದು. ಹೆರಿಗೆಯಾದ ಕೆಲವೇ ವಾರಗಳಲ್ಲಿ ಮದುವೆ ನಡೆಯಿತು. ಅದೇ ವರ್ಷ ಅಕ್ಕ ಮಾರ್ಗರೆಟ್‌ಳನ್ನು ಮತ್ತೊಬ್ಬ ಮೆಚ್ಚಿನವನಾದ ಹ್ಯೂ ಆಡ್ಲಿಗೆ ಕೊಟ್ಟು ಮದುವೆ ಮಾಡಿದರು. ಹಿರಿಯಕ್ಕ ಎಲಿನೋರ್ 1306ರಿಂದಲೇ ಕಿರಿಯ ಹ್ಯೂ ಡಿಸ್ಪೆನ್ಸರ್‌ನ ಹೆಂಡತಿ. ಮೂವರ ಗಂಡಂದಿರೂ ಆಸ್ಥಾನದವರೇ ಆದ ಮೇಲೆ, 1317ರ ನವೆಂಬರ್‌ನಲ್ಲಿ ಆಸ್ತಿ ಪಾಲಾಯಿತು. ಈ ಅನುಕ್ರಮ ಕಾಕತಾಳೀಯವಲ್ಲ.

1318ರ ಮೇ ತಿಂಗಳಲ್ಲಿ ಕೊನೆಯ ಮಗಳು ಹುಟ್ಟಿದಳು. ಅವಳ ಹೆಸರೂ ಎಲಿಜಬೆತ್.

## ಆಸ್ತಿ ಮತ್ತು ಪಾಲು

ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಭೂಮಿ ಬರ್ತಿತ್ತಾ? ನಿಯಮ ಏನು?

ಗಂಡುಮಕ್ಕಳಿದ್ದರೆ ಹಿರಿಯ ಮಗನಿಗೆ ಎಲ್ಲವೂ. ಗಂಡಿಲ್ಲದಿದ್ದರೆ ಹೆಣ್ಣುಮಕ್ಕಳೆಲ್ಲರಿಗೂ ಸಮಪಾಲು. ಇಲ್ಲಿ ಹಿರಿತನಕ್ಕೆ ಇಡಿಯ ಆಸ್ತಿ ಸಲ್ಲುವುದಿಲ್ಲ. ಮದುವೆಯಾದವಳು 14ಕ್ಕೆ, ಆಗದವಳು 16ಕ್ಕೆ ಪ್ರಾಪ್ತಳು. ಗಂಡನಿರುವವರೆಗೆ ಭೂಮಿಯ ಆಡಳಿತ, ರಾಜನಿಗೆ ನಿಷ್ಠೆಯ ಪ್ರಮಾಣ ಎಲ್ಲವೂ ಗಂಡನ ಕೈಯಲ್ಲಿ, ಒಡೆತನ ಮಾತ್ರ ಹೆಂಡತಿಯದು. ಮಗು ಜೀವಂತವಾಗಿ ಹುಟ್ಟಿದ್ದರೆ, ಹೆಂಡತಿ ಸತ್ತರೂ ಗಂಡ ತನ್ನ ಜೀವಮಾನವಿಡೀ ಆ ಭೂಮಿ ಅನುಭವಿಸಬಹುದಿತ್ತು.

ಗಂಡ ಸತ್ತರೆ ವಿಧವೆಗೆ ಅವನ ಭೂಮಿಯ ಮೂರನೇ ಒಂದು ಭಾಗ ಜೀವನಾಂಶವಾಗಿ, ಆಕೆ ಬದುಕಿರುವವರೆಗೆ. ಜೊತೆಗೆ ಮದುವೆಯಲ್ಲಿ ಗಂಡಹೆಂಡಿರ ಹೆಸರಿಗೆ ಜಂಟಿಯಾಗಿ ಬರೆದ ಭೂಮಿಯಿದ್ದರೆ ಅದೂ ಆಕೆಗೇ. ಎಲಿಜಬೆತ್‌ಗೆ ತವರಿನ ಪಾಲು ಒಂದು, ಮೂವರು ಗಂಡಂದಿರ ಕಡೆಯಿಂದ ಬಂದ ಭಾಗ ಬೇರೆ. ಆಕೆಯ ಸಿರಿವಂತಿಕೆಯ ಗುಟ್ಟು ಇದು.

ಕೆಂಪು ಅರ್ಲ್‌ಗೆ ಮೊದಲ ಹೆಂಡತಿಯಲ್ಲೂ ಹೆಣ್ಣುಮಕ್ಕಳಿದ್ದರಲ್ಲ, ಅವರಿಗೆ ಯಾಕೆ ಪಾಲಿಲ್ಲ?

1290ರ ಮದುವೆಯ ಕರಾರಿನಿಂದ. ಜೋನ್‌ಳನ್ನು ಮದುವೆಯಾಗುವಾಗ ಗಿಲ್ಬರ್ಟ್ ತನ್ನ ಭೂಮಿಯನ್ನೆಲ್ಲ ರಾಜನಿಗೆ ಒಪ್ಪಿಸಿ, ತನ್ನ ಮತ್ತು ಜೋನ್‌ಳ ಹೆಸರಿಗೆ ಜಂಟಿಯಾಗಿ ಮರಳಿ ಪಡೆದ. ಮುಂದಿನ ಹಕ್ಕು ಅವರಿಬ್ಬರಿಗೆ ಹುಟ್ಟುವ ಮಕ್ಕಳಿಗೆ. ಹೀಗೆ ಮೊದಲ ಹೆಂಡತಿ ಆಲಿಸ್‌ಳ ಮಕ್ಕಳಾದ ಇಸಬೆಲ್ ಮತ್ತು ಜೋನ್ ಕಾಗದದ ಮೇಲೆಯೇ ಹೊರಗುಳಿದರು.

ಅಣ್ಣ ಸತ್ತದ್ದು 1314, ಪಾಲಾದದ್ದು 1317. ಮೂರು ವರ್ಷ ಯಾಕೆ ಬೇಕಾಯ್ತು?

ಅತ್ತಿಗೆ ಮಾಡ್ ತಾನು ಗರ್ಭಿಣಿ ಎಂದಳು. ಗಂಡನ ಮರಣಾನಂತರ ಹುಟ್ಟುವ ಮಗುವೇ ವಾರಸುದಾರ. ಹಾಗಾಗಿ ಅದು ಇತ್ಯರ್ಥವಾಗುವವರೆಗೆ ಪಾಲು ಮಾಡುವಂತಿಲ್ಲ. ತಿಂಗಳುಗಳು ಕಳೆದು ವರ್ಷವಾಯಿತು, ವರ್ಷ ಎರಡಾಯಿತು, ಆದರೂ ಆ ಮಾತನ್ನು ಅಧಿಕೃತವಾಗಿ ಕೈಬಿಡಲಿಲ್ಲ. ಅಷ್ಟು ದಿನವೂ ಭೂಮಿ ರಾಜನ ವಶದಲ್ಲಿ, ಆದಾಯವೂ ಅವನಿಗೆ. ಲಾಭ ಯಾರಿಗೆ ಎಂದು ನೋಡಿದರೆ ವಿಳಂಬದ ಕಾರಣ ತಿಳಿಯುತ್ತದೆ. ಕಾದು ಸಾಕಾದ ಹ್ಯೂ ಡಿಸ್ಪೆನ್ಸರ್ 1315ರಲ್ಲಿ ಕ್ಲೇರ್ ಆಸ್ತಿಗೆ ಸೇರಿದ ಟನ್‌ಬ್ರಿಜ್ ಕೋಟೆಗೆ ನುಗ್ಗಿ ಆಕ್ರಮಿಸಿಕೊಂಡ, ಆಮೇಲೆ ಬಿಟ್ಟುಕೊಟ್ಟ. ಆ ಮನುಷ್ಯನ ಸ್ವಭಾವಕ್ಕೆ ಇದು ಮೊದಲ ಸೂಚನೆ.

ಇನ್ನೊಂದು ಕಾರಣ ಸಾಮಾನ್ಯವಾದದ್ದು. ಭೂಮಾಲೀಕ ಸತ್ತರೆ ರಾಜನ ಅಧಿಕಾರಿ ಪ್ರತಿ ಜಿಲ್ಲೆಗೂ ಹೋಗಿ, ಊರಿನ ಪಂಚರನ್ನು ಕೂಡಿಸಿ, ನಮ್ಮಲ್ಲಿ ಮಹಜರು ಬರೆಯುವ ಹಾಗೆ, ಯಾವ ಭೂಮಿ, ಎಷ್ಟು ಉತ್ಪತ್ತಿ, ಯಾರು ವಾರಸುದಾರರು ಎಂದು ಬರೆಸಿಕೊಳ್ಳಬೇಕು. ಮೂರು ದೇಶಗಳಲ್ಲಿ ಹರಡಿದ ಆಸ್ತಿಗೆ ಇದು ಬೇಗ ಮುಗಿಯುವ ಕೆಲಸವಲ್ಲ.

ಪಾಲುಪಟ್ಟಿಯಲ್ಲಿ ಯಾರಿಗೆ ಏನು ಬಂತು?

ಇಡೀ ಆಸ್ತಿಯ ವಾರ್ಷಿಕ ಉತ್ಪತ್ತಿ ಸುಮಾರು 6,000 ಪೌಂಡ್. ಅದರಲ್ಲಿ ಮೂರನೇ ಒಂದು ಭಾಗ ಮೊದಲು ಅತ್ತಿಗೆ ಮಾಡ್‌ಗೆ ಹೋಯಿತು. 1320ರಲ್ಲಿ ಆಕೆ ಸತ್ತ ಮೇಲೆ ಅದೂ ಮೂವರಲ್ಲಿ ಹಂಚಿಕೆಯಾಯಿತು.

ಎಲಿನೋರ್‌ಗೆ ವೇಲ್ಸಿನ ಗ್ಲಮಾರ್ಗನ್. ಮಾರ್ಗರೆಟ್‌ಗೆ ನ್ಯೂಪೋರ್ಟ್ ಸೀಮೆ ಮತ್ತು ಕೆಂಟ್‌ನ ಟನ್‌ಬ್ರಿಜ್. ಎಲಿಜಬೆತ್‌ಗೆ ಸಫಕ್‌ನ ಕ್ಲೇರ್, ಎಸೆಕ್ಸ್‌ನ ಬಾರ್ಡ್‌ಫೀಲ್ಡ್, ನಾರ್ಫಕ್‌ನ ವಾಲ್ಸಿಂಗಮ್, ಡಾರ್ಸೆಟ್‌ನ ಭೂಮಿಗಳು, ವೇಲ್ಸಿನ ಅಸ್ಕ್, ಐರ್ಲೆಂಡಿನ ಕಿಲ್ಕೆನಿಯಲ್ಲಿ ಪಾಲು.

ಹಣದ ಅಂದಾಜಿಗೆ: ಒಂದು ಪೌಂಡ್ ಎಂದರೆ 20 ಶಿಲ್ಲಿಂಗ್, ಎಂದರೆ 240 ಪೆನ್ನಿ. ವರ್ಷಕ್ಕೆ 40 ಪೌಂಡ್ ಉತ್ಪತ್ತಿಯ ಭೂಮಿ ಇದ್ದವನು ನೈಟ್ ಪದವಿ ಪಡೆಯಲೇಬೇಕೆಂಬ ಕಟ್ಟಳೆಯಿತ್ತು. ಅದೇ ದೊಡ್ಡಸ್ತಿಕೆಯ ಅಳತೆ. ವಿಧವೆ ಎಲಿಜಬೆತ್‌ಳ ವಾರ್ಷಿಕ ಆದಾಯ 2,000ದಿಂದ 3,000 ಪೌಂಡ್ ನಡುವೆ ಓಡಾಡುತ್ತಿತ್ತು.

ಅಕ್ಕನ ಗಂಡನೇ ಆಕೆಯ ಆಸ್ತಿ ಹೊಡೆದ ಅಂತಾರಲ್ಲ, ಹೇಗೆ?

ಹೆಜ್ಜೆ ಹೆಜ್ಜೆಯಾಗಿ, ಪ್ರತಿ ಹೆಜ್ಜೆಗೂ ಒಂದು ಕಾಗದ ಮಾಡಿಸಿ. ರಾಜನ ಹೊಸ ಮೆಚ್ಚಿನವನಾದ ಡಿಸ್ಪೆನ್ಸರ್‌ಗೆ ದಕ್ಷಿಣ ವೇಲ್ಸನ್ನು ಒಂದೇ ತುಂಡು ಮಾಡಿಕೊಳ್ಳುವ ಆಸೆ. ಹೆಂಡತಿಯ ಗ್ಲಮಾರ್ಗನ್ ಕೈಯಲ್ಲಿತ್ತು. ಪಾಲಾದ ಕೂಡಲೇ ಮಾರ್ಗರೆಟ್ ದಂಪತಿಯ ನ್ಯೂಪೋರ್ಟ್ ಮೇಲೆ ಕೈಯಿಟ್ಟ. ಮುಂದೆ ಪೂರ್ವಕ್ಕೆ ಅಸ್ಕ್, ಪಶ್ಚಿಮಕ್ಕೆ ಗವರ್.

1321ರಲ್ಲಿ ವೇಲ್ಸ್ ಗಡಿನಾಡಿನ ದೊರೆಗಳು ಅವನ ಮೇಲೆ ದಂಗೆಯೆದ್ದರು, ಡಾಮೊರಿಯೂ ಸೇರಿಕೊಂಡ. 1322ರ ಮಾರ್ಚ್‌ನಲ್ಲಿ ಡಾಮೊರಿ ಗಾಯಗೊಂಡು, ದ್ರೋಹಿಯೆಂಬ ಹಣೆಪಟ್ಟಿಯೊಂದಿಗೆ ಟಟ್‌ಬರಿಯಲ್ಲಿ ಸತ್ತ. ಎಲಿಜಬೆತ್‌ಳನ್ನು ಮಕ್ಕಳ ಸಮೇತ ಅಸ್ಕ್‌ನಲ್ಲಿ ಹಿಡಿದು ಲಂಡನ್ ಹತ್ತಿರದ ಬಾರ್ಕಿಂಗ್ ಮಠದಲ್ಲಿ ಇಟ್ಟರು.

ಮೊದಲ ಕಾಗದ: ಅಸ್ಕ್ ಬಿಟ್ಟುಕೊಟ್ಟು ಗವರ್ ತೆಗೆದುಕೊ ಎಂಬ ವಿನಿಮಯ. ಗವರ್‌ನ ಉತ್ಪತ್ತಿ ಕಡಿಮೆ. ಮೊಹರು ಒತ್ತದಿದ್ದರೆ ನಿನಗೂ ಮಕ್ಕಳಿಗೂ ರಾಜನಿಂದ ಅಂಗೈಯಗಲ ಭೂಮಿಯೂ ಇಲ್ಲ ಎಂಬ ಬೆದರಿಕೆ. ಎರಡನೆಯದು: 1322ರ ಕ್ರಿಸ್‌ಮಸ್‌ಗೆ ಯಾರ್ಕ್‌ಗೆ ಬಾ ಎಂದು ರಾಜನಿಂದ ಕರೆ. ಅಲ್ಲಿ ಆಕೆಯ ಸಲಹೆಗಾರರನ್ನು ಬೇರ್ಪಡಿಸಿ, ಒಂಟಿ ಮಾಡಿ, ಹಕ್ಕುಬಿಡುಗಡೆ ಪತ್ರಕ್ಕೆ ಮೊಹರು ಹಾಕಿಸಿಕೊಂಡರು. ಮೂರನೆಯದು: ಗವರ್‌ನ ಹಳೆಯ ಒಡೆಯ ವಿಲಿಯಮ್ ಡಿ ಬ್ರೌಸ್‌ನಿಂದ ಆಕೆಯ ಮೇಲೆ ದಾವೆ ಹೂಡಿಸಿದರು. 1324ರಲ್ಲಿ ಆತ ಗೆದ್ದ, ಗೆದ್ದ ಭೂಮಿ ಡಿಸ್ಪೆನ್ಸರ್ ಮನೆಗೆ ಸೇರಿತು. ಅಸ್ಕ್ ಹೋಯಿತು, ಅದಕ್ಕೆ ಬದಲಾಗಿ ಬಂದ ಗವರ್ ಕೂಡ ಹೋಯಿತು.

ಕ್ರೌರ್ಯ ಎಂದರೆ ಕತ್ತಿ ಮಾತ್ರವಲ್ಲ ಎಂಬುದಕ್ಕೆ ಮಧ್ಯಯುಗದ ಇಂಗ್ಲೆಂಡಿನಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಆಕೆ ಸುಮ್ಮನಿದ್ದಳಾ?

ಇಲ್ಲ. 1326ರ ಮೇ ತಿಂಗಳಲ್ಲಿ, ಡಿಸ್ಪೆನ್ಸರ್ ಇನ್ನೂ ಅಧಿಕಾರದ ತುತ್ತತುದಿಯಲ್ಲಿದ್ದಾಗಲೇ, ಕ್ಲೇರ್‌ನಲ್ಲಿ ಗುಟ್ಟಾಗಿ ಒಂದು ಪ್ರತಿಭಟನಾ ಪತ್ರ ಬರೆಸಿಟ್ಟಳು. ಯಾವಾಗ ಎಲ್ಲಿ ಹಿಡಿದರು, ಏನೆಂದು ಬೆದರಿಸಿದರು, ಯಾರನ್ನು ಬೇರೆ ಮಾಡಿದರು ಎಂಬುದೆಲ್ಲ ಅದರಲ್ಲಿದೆ. ಉದ್ದೇಶ ಪಕ್ಕಾ ಕಾನೂನಿನದು: ಒತ್ತಾಯದಿಂದ ಹಾಕಿದ ಮೊಹರು ಸ್ವಂತ ಇಚ್ಛೆಯದಲ್ಲ ಎಂದು, ಕಾಲ ಬದಲಾದಾಗ ತೋರಿಸಲು ಸಾಕ್ಷಿ ಬೇಕು. ಸಿಕ್ಕಿಬಿದ್ದಿದ್ದರೆ ಉಳಿದದ್ದೂ ಹೋಗುತ್ತಿತ್ತು.

ಅದೇ ಶರತ್ಕಾಲದಲ್ಲಿ ರಾಣಿ ಇಸಬೆಲ್ಲಾ ತನ್ನ ಗಂಡನಾದ ರಾಜನ ಮತ್ತು ಡಿಸ್ಪೆನ್ಸರ್‌ನ ವಿರುದ್ಧ ಸೈನ್ಯದೊಂದಿಗೆ ಬಂದಿಳಿದಳು. ನವೆಂಬರ್ 24ರಂದು ಡಿಸ್ಪೆನ್ಸರ್‌ಗೆ ಹೆರಿಫರ್ಡ್‌ನಲ್ಲಿ ಮರಣದಂಡನೆಯಾಯಿತು. ಅಸ್ಕ್ ಮರಳಿ ಎಲಿಜಬೆತ್‌ಳ ಕೈ ಸೇರಿತು.

## ಒಡತಿಯಾಗಿ 38 ವರ್ಷ

27ರ ಒಳಗೇ ವಿಧವೆಯಾದವಳು ಮತ್ತೆ ಯಾಕೆ ಮದುವೆಯಾಗಲಿಲ್ಲ?

ವಿಧವೆಗೆ ಮಾತ್ರ ಸಿಗುವ ಕಾನೂನು ಸ್ವಾತಂತ್ರ್ಯಕ್ಕಾಗಿ ಎಂಬುದು ನೇರ ಉತ್ತರ. ವಿಧವೆ ತನ್ನ ಹೆಸರಿನಲ್ಲಿ ದಾವೆ ಹೂಡಬಹುದು, ಕರಾರು ಮಾಡಬಹುದು, ಲೆಕ್ಕ ಕೇಳಬಹುದು, ಉಯಿಲು ಬರೆಯಬಹುದು. ಮದುವೆಯಾದ ದಿನ ಅದೆಲ್ಲ ಗಂಡನ ಕೈಗೆ. ಆಕೆಗೆ ಗಂಡುಮಗ ಇದ್ದ, ಆದ್ದರಿಂದ ವಾರಸಿಗಾಗಿ ಮದುವೆಯ ಅಗತ್ಯವಿರಲಿಲ್ಲ. 1343ರ ಹೊತ್ತಿಗೆ ಬ್ರಹ್ಮಚರ್ಯದ ವ್ರತ ಸ್ವೀಕರಿಸಿದಳು. ಅದು ಭಕ್ತಿಯೂ ಹೌದು, ಇನ್ನು ಯಾವ ರಾಜನೂ ಮದುವೆಯ ಪ್ರಸ್ತಾಪ ತರದಂತೆ ಹಾಕಿದ ಅಗುಳಿಯೂ ಹೌದು. ಸನ್ಯಾಸಿನಿಯಾಗಲಿಲ್ಲ, ಆಸ್ತಿ, ಮನೆ, ಅತಿಥಿಸತ್ಕಾರ ಯಾವುದನ್ನೂ ಬಿಡಲಿಲ್ಲ.

ಅಷ್ಟು ದೊಡ್ಡ ಮನೆ ನಡೀತಿದ್ದದ್ದು ಹೇಗೆ? ಊಟತಿಂಡಿಯ ವಿವರ ಸಿಗುತ್ತಾ?

ಸಿಗುತ್ತದೆ, ಬೇಕಾದಷ್ಟು. ಆಕೆಯ ಮನೆವಾರ್ತೆಯ ಲೆಕ್ಕಗಳಲ್ಲಿ ನೂರಕ್ಕೂ ಹೆಚ್ಚು ಇವತ್ತಿಗೂ ಲಂಡನ್ನಿನ ರಾಷ್ಟ್ರೀಯ ದಫ್ತರಖಾನೆಯಲ್ಲಿವೆ. ಆ ಶತಮಾನದ ಶ್ರೀಮಂತ ಮನೆತನಗಳಲ್ಲಿ ಇಷ್ಟು ಲೆಕ್ಕ ಉಳಿದಿರುವುದು ತೀರ ಅಪರೂಪ.

ಆಕೆಯಿಂದ ಸಮವಸ್ತ್ರದ ಬಟ್ಟೆ ಪಡೆಯುತ್ತಿದ್ದವರೇ ಇನ್ನೂರಕ್ಕೂ ಹೆಚ್ಚು ಜನ: ನೈಟ್‌ಗಳು, ಪಾದ್ರಿಗಳು, ಗುಮಾಸ್ತರು, ಅಡುಗೆಯವರು, ಕುದುರೆ ಆಳುಗಳು. ಕೆಲಸ ಹಂಚಿಕೆ ಸ್ಪಷ್ಟ. ರೊಟ್ಟಿಯ ಉಗ್ರಾಣ ಒಂದು, ಪಾನೀಯದ ಉಗ್ರಾಣ ಇನ್ನೊಂದು, ಅಡುಗೆಮನೆ, ಕೋಳಿ-ಹಕ್ಕಿಗಳ ವಿಭಾಗ, ಲಾಯ. ಪ್ರತಿಯೊಂದಕ್ಕೂ ಬೇರೆ ಲೆಕ್ಕ. ಬುಧವಾರ, ಶುಕ್ರವಾರ, ಶನಿವಾರ ಮಾಂಸವಿಲ್ಲ, ಮೀನು. ಈಸ್ಟರ್ ಮುಂಚಿನ ನಲವತ್ತು ದಿನದ ಉಪವಾಸದಲ್ಲಿ ಹೆರಿಂಗ್ ಮತ್ತು ಒಣಮೀನಿನ ರಾಶಿಯೇ ಬೇಕು; ಅದನ್ನು ಮುಂಚಿತವಾಗಿ ಕೊಂಡಿಡದಿದ್ದರೆ ಬೆಲೆ ಏರುತ್ತದೆ. ಕೇಂಬ್ರಿಜ್ ಬಳಿಯ ಸ್ಟರ್‌ಬ್ರಿಜ್ ಜಾತ್ರೆ ಇಂಥ ಸಗಟು ಖರೀದಿಯ ಜಾಗ.

ಏಲ್ ಎಂಬ ಬಾರ್ಲಿ ಮದ್ಯದ ಲೆಕ್ಕ ನೋಡಿ. 1333–34ರಲ್ಲಿ ಒಂದು ಸಲಕ್ಕೆ ಸುಮಾರು 8 ಕ್ವಾರ್ಟರ್ (ಧಾನ್ಯ ಅಳೆಯುವ ಮಾಪು) ಬಾರ್ಲಿ ಮತ್ತು ಬಾರ್ಲಿ-ಓಟ್ಸ್ ಮಿಶ್ರ ಧಾನ್ಯ ಹಾಕುತ್ತಿದ್ದರು. ಒಂದು ಕ್ವಾರ್ಟರ್‌ಗೆ 60 ಗ್ಯಾಲನ್ ಇಳಿಯುತ್ತಿತ್ತು. ಒಟ್ಟು 480 ಗ್ಯಾಲನ್, ಹತ್ತಿರ ಹತ್ತಿರ 2,000 ಲೀಟರ್. ಹಾಪ್ಸ್ (ಮದ್ಯ ಬೇಗ ಕೆಡದಂತೆ ಹಾಕುವ ಹೂ) ಹಾಕದ ಏಲ್ ಕೆಲವೇ ದಿನಗಳಲ್ಲಿ ಹುಳಿಯಾಗುತ್ತದೆ. ಒಮ್ಮೆಗೇ ಹೆಚ್ಚು ಮಾಡಿಟ್ಟರೆ ಚೆಲ್ಲಬೇಕು, ಕಡಿಮೆ ಮಾಡಿದರೆ ಊಳಿಗದವರ ದಿನದ ಪಾಲು ನಿಲ್ಲುತ್ತದೆ. ಅದಕ್ಕೇ ವರ್ಷವಿಡೀ ಬಿಡುವಿಲ್ಲದೆ ತಯಾರಿ ನಡೆಯುತ್ತಿತ್ತು, ಕ್ರಿಸ್‌ಮಸ್ ತಿಂಗಳಲ್ಲಿ ಅತ್ಯಂತ ಹೆಚ್ಚು.

ಮುಖ್ಯ ವಾಸ ಕ್ಲೇರ್ ಕೋಟೆಯಲ್ಲಿ; ಬಾರ್ಡ್‌ಫೀಲ್ಡ್, ಕೇಂಬ್ರಿಜ್ ಬಳಿಯ ಆಂಗಲ್ಸಿ, ಅಸ್ಕ್‌ಗಳಿಗೂ ಓಡಾಟ. 1352ರಲ್ಲಿ ಲಂಡನ್ನಿನ ಆಲ್ಡ್‌ಗೇಟ್ ಹೊರಗಿನ ಮಿನರೀಸ್ ಸನ್ಯಾಸಿನಿ ಮಠದ ಆವರಣದಲ್ಲಿ ಮನೆ ಕಟ್ಟಿಸಿದಳು.

ಕ್ಲೇರ್ ಕಾಲೇಜನ್ನು ಆಕೆಯೇ ಸ್ಥಾಪಿಸಿದ್ದಾ? 1326 ಅಂತಾರೆ, 1338 ಅಂತಾರೆ.

ಎರಡೂ ಸರಿ. 1326ರಲ್ಲಿ ವಿಶ್ವವಿದ್ಯಾಲಯದ ಕುಲಪತಿ ರಿಚರ್ಡ್ ಡಿ ಬ್ಯಾಡ್ಯೂ ‘ಯೂನಿವರ್ಸಿಟಿ ಹಾಲ್’ ಶುರು ಮಾಡಿದ. ಆದಾಯವಿಲ್ಲದೆ ಅದು ಸೊರಗಿತು. 1336ರಲ್ಲಿ ಎಲಿಜಬೆತ್ ಲಿಟ್ಲಿಂಗ್ಟನ್ ಚರ್ಚಿಗೆ ಪಾದ್ರಿಯನ್ನು ನೇಮಿಸುವ ಹಕ್ಕನ್ನು ದತ್ತಿ ಕೊಟ್ಟಳು. 1338ರಲ್ಲಿ ಪೋಷಕಿಯಾಗಿ ಮರುಸ್ಥಾಪನೆ ಮಾಡಿದಳು, ‘ಕ್ಲೇರ್ ಹಾಲ್’ ಎಂಬ ಹೆಸರು ಬಂತು. 1346ರಲ್ಲಿ ಬ್ಯಾಡ್ಯೂ ಉಳಿದ ಹಕ್ಕನ್ನೂ ಬಿಟ್ಟುಕೊಟ್ಟ.

1359ರಲ್ಲಿ ಆಕೆ ಕೊಟ್ಟ ನಿಯಮಾವಳಿ 20 ಮಂದಿ ಫೆಲೋಗಳನ್ನೂ (ಕಾಲೇಜಿನ ವಿದ್ವಾಂಸ ಸದಸ್ಯರು) 10 ಮಂದಿ ಬಡ ವಿದ್ಯಾರ್ಥಿಗಳನ್ನೂ ನಿಗದಿ ಮಾಡಿತು. ಪ್ಲೇಗ್‌ನಲ್ಲಿ ಕಲಿತವರು ಅಪಾರವಾಗಿ ಸತ್ತದ್ದನ್ನು ಆ ನಿಯಮಾವಳಿಯ ಪೀಠಿಕೆ ನೆನೆಯುತ್ತದೆ. 1349ರ ಪ್ಲೇಗ್ ವರ್ಷದಲ್ಲೇ ಆಕೆಯ ಮಗಳು ಇಸಬೆಲ್ಲಾ ಕೂಡ ಹೋಗಿದ್ದಳು ಎಂಬುದನ್ನು ಇದರ ಜೊತೆಗಿಟ್ಟು ಓದಬೇಕು.

‘ಕ್ಲೇರ್ ಹಾಲ್’ ಕ್ಲೇರ್ ಕಾಲೇಜಾದದ್ದು 1856ರಲ್ಲಿ. ಈಗ ಕೇಂಬ್ರಿಜ್‌ನಲ್ಲಿ ಕ್ಲೇರ್ ಹಾಲ್ ಎಂಬ ಹೆಸರಿನಲ್ಲಿರುವುದು 1966ರ ಬೇರೆ ಸಂಸ್ಥೆ. ಆಕೆಯ ಆಪ್ತ ಗೆಳತಿ ಮೇರಿ ಡಿ ಸೇಂಟ್ ಪೋಲ್ 1347ರಲ್ಲಿ ಪೆಂಬ್ರೋಕ್ ಕಾಲೇಜನ್ನು ಸ್ಥಾಪಿಸಿದಳು. ಇಬ್ಬರು ವಿಧವೆಯರು, ಒಂದೇ ಊರಿನಲ್ಲಿ ಎರಡು ಕಾಲೇಜು.

ಮಕ್ಕಳು ಏನಾದರು? ಈ ವಂಶ ರಾಜಸಿಂಹಾಸನಕ್ಕೆ ಹೇಗೆ ಹೋಯ್ತು?

ಮಗ ವಿಲಿಯಮ್ ಅಲ್ಸ್ಟರ್‌ನ ಅರ್ಲ್ ಆಗಿ, 1333ರ ಜೂನ್ 6ರಂದು, ಇಪ್ಪತ್ತನೇ ವಯಸ್ಸಿನಲ್ಲಿ, ಕ್ಯಾರಿಕ್‌ಫರ್ಗಸ್ ಹತ್ತಿರ ತನ್ನವರಿಂದಲೇ ಕೊಲೆಯಾದ. ಉಳಿದದ್ದು ವರ್ಷ ತುಂಬದ ಹೆಣ್ಣುಮಗು. ಇಸಬೆಲ್ಲಾ ಡಿ ವರ್ಡನ್ ಹೆನ್ರಿ ಫೆರರ್ಸ್‌ನನ್ನು, ಎಲಿಜಬೆತ್ ಡಾಮೊರಿ ಜಾನ್ ಬಾರ್ಡಾಲ್ಫ್‌ನನ್ನು ಮದುವೆಯಾದರು.

ವಿಲಿಯಮ್‌ನ ಮಗಳನ್ನು ಮೂರನೇ ಎಡ್ವರ್ಡ್ 1342ರಲ್ಲಿ ತನ್ನ ಮಗ ಲಯನಲ್‌ಗೆ ತಂದುಕೊಂಡ. ವಧುವಿಗೆ 10, ವರನಿಗೆ ಇನ್ನೂ 4 ತುಂಬಿರಲಿಲ್ಲ. ಅವರ ಮಗಳು ಫಿಲಿಪ್ಪಾ ಮಾರ್ಟಿಮರ್ ಮನೆಗೆ ಹೋದಳು. ಅಲ್ಲಿಂದ ಮಗ ರೋಜರ್, ಅವನ ಮಗಳು ಆನ್, ಆನ್‌ಳ ಮಗ ಯಾರ್ಕ್‌ನ ಡ್ಯೂಕ್ ರಿಚರ್ಡ್, ಅವನ ಮಗ ನಾಲ್ಕನೇ ಎಡ್ವರ್ಡ್. 1461ರಲ್ಲಿ ಅವನು ರಾಜನಾದಾಗ ಕ್ಲೇರ್ ಆಸ್ತಿ ಸಿಂಹಾಸನಕ್ಕೆ ಸೇರಿತು. ಡ್ಯೂಕ್ ರಿಚರ್ಡ್ ಮತ್ತು ಅವನ ಮಗನ ಯಾರ್ಕ್ ಪಕ್ಷ ಸಿಂಹಾಸನದ ಹಕ್ಕು ಹೇಳಿದ್ದು ಲಯನಲ್ ಮೂಲಕ. ಆ ಕವಲಿಗೆ ಭೂಮಿಯ ಬಲ ಬಂದದ್ದರಲ್ಲಿ ದೊಡ್ಡ ಪಾಲು ಲಯನಲ್‌ನ ಹೆಂಡತಿಯ ಈ ಅಜ್ಜಿಯದು. ಲಯನಲ್‌ಗೆ 1362ರಲ್ಲಿ ಬಂದ ‘ಡ್ಯೂಕ್ ಆಫ್ ಕ್ಲಾರೆನ್ಸ್’ ಬಿರುದು ಕೂಡ ಕ್ಲೇರ್‌ನಿಂದ ಬಂದದ್ದೇ.

ಉಯಿಲಿನಲ್ಲಿ ಏನಿದೆ?

1355ರ ಸೆಪ್ಟೆಂಬರ್ 25ರಂದು ಕ್ಲೇರ್‌ನಲ್ಲಿ, ಫ್ರೆಂಚ್‌ನಲ್ಲಿ ಬರೆಸಿದ್ದು. ದೇಹವನ್ನು ಮಿನರೀಸ್ ಸನ್ಯಾಸಿನಿಯರ ಬಳಿ ಹೂಳಬೇಕು, ಸುತ್ತ ಉರಿಯಲು 200 ಪೌಂಡ್ ತೂಕದ ಮೇಣ. ತನ್ನ ಆತ್ಮದ ಜೊತೆಗೆ ಮೂವರು ಗಂಡಂದಿರ ಆತ್ಮಕ್ಕೂ, ಹೆಸರು ಹೇಳಿ, ಪ್ರಾರ್ಥನೆ. ಏಳು ವರ್ಷದೊಳಗೆ ಧರ್ಮಯುದ್ಧ ನಡೆದರೆ ಯೋಧರನ್ನು ಕಳಿಸಲು 100 ಮಾರ್ಕ್. ಕ್ಲೇರ್ ಹಾಲ್‌ಗೆ 40 ಪೌಂಡ್, ಪುಸ್ತಕಗಳು, ಪೂಜಾ ಸಾಮಗ್ರಿ. ಮಗಳು ಬಾರ್ಡಾಲ್ಫ್‌ಗೆ ಹಸಿರು ಮಖಮಲ್ಲಿನ ಹಾಸಿಗೆ. ಹೆಚ್ಚಿನ ಜಾಗ ಹಿಡಿದಿರುವುದು ಊಳಿಗದವರ ಪಟ್ಟಿ. ಸಣ್ಣ ಕೆಲಸದವರನ್ನೂ ಹೆಸರಿಟ್ಟು ನೆನೆದಿದ್ದಾಳೆ. ಭೂಮಿ ಇದರಲ್ಲಿಲ್ಲ, ಇರುವಂತೆಯೂ ಇಲ್ಲ: ಭೂಮಿ ರಕ್ತಸಂಬಂಧದಲ್ಲಿ ಇಳಿಯುತ್ತದೆ, ಉಯಿಲಿನಲ್ಲಿ ಕೊಡಲಾಗುವುದು ಚರಾಸ್ತಿ ಮಾತ್ರ.

ಇಂಗ್ಲೆಂಡಿಗೆ ಹೋದರೆ ನೋಡೋಕೆ ಏನಿದೆ?

ಕ್ಲೇರ್ ಊರಿನಲ್ಲಿ ಕೋಟೆಯ ದಿಬ್ಬ, ಮೇಲೆ ಗೋಡೆಯ ತುಂಡು, ಸುತ್ತ ಉದ್ಯಾನ. 1865ರಲ್ಲಿ ರೈಲುಮಾರ್ಗ ಕೋಟೆಯ ಅಂಗಳದೊಳಗೇ ಹಾದುಹೋದದ್ದರಿಂದ ಬಹಳಷ್ಟು ಅಳಿಸಿಹೋಗಿದೆ. ಪಕ್ಕದ ಕ್ಲೇರ್ ಪ್ರಯರಿ ಎಂಬ ಮಠದಲ್ಲಿ ತಾಯಿ ಜೋನ್‌ಳ ಸಮಾಧಿಯಾಗಿತ್ತು. 1953ರಲ್ಲಿ ಅಗಸ್ಟೀನಿಯನ್ ಸಾಧುಗಳು ಮರಳಿ ಬಂದು ಅಲ್ಲಿ ನೆಲೆಸಿದ್ದಾರೆ. ಟ್ಯೂಕ್ಸ್‌ಬರಿ ಮಠದ ಬಣ್ಣದ ಗಾಜಿನಲ್ಲಿ ಕ್ಲೇರ್ ಮನೆತನದ ಯೋಧರ ಚಿತ್ರಗಳಿವೆ. ಆಕೆಯ ಸಮಾಧಿ ಮಾತ್ರ ಉಳಿದಿಲ್ಲ. ಮಿನರೀಸ್ ಮಠ 1539ರಲ್ಲಿ ಮುಚ್ಚಿಹೋಯಿತು.

## ಆಳವಾಗಿ ಓದುವವರಿಗೆ

ಆಕೆಯ ಮನೆವಾರ್ತೆ ಲೆಕ್ಕದ ಸುರುಳಿಗಳನ್ನು ಓದುವಾಗ ಎಲ್ಲಿ ಎಡವುತ್ತಾರೆ?

ಮೂರು ಕಡೆ. ಒಂದು, ದಿನದ ಲೆಕ್ಕದಲ್ಲಿ ಎರಡು ಬಗೆಯ ಸಾಮಾನು ಇರುತ್ತದೆ: ಹಣ ಕೊಟ್ಟು ತಂದದ್ದು ಮತ್ತು ಸ್ವಂತ ಉಗ್ರಾಣದಿಂದ ತೆಗೆದದ್ದು. ಹಣದ ಮೊತ್ತವನ್ನಷ್ಟೇ ಕೂಡಿದರೆ ತಿಂದದ್ದರ ಪೂರ್ತಿ ಚಿತ್ರ ಸಿಗುವುದಿಲ್ಲ; ಸ್ವಂತ ಹಳ್ಳಿಗಳಿಂದ ಬಂದ ಗೋಧಿ, ಬೇಟೆಯ ಜಿಂಕೆ ತಪ್ಪಿಹೋಗುತ್ತವೆ. ಎರಡು, ಮಾರ್ಕ್ ಎಂಬುದು ನಾಣ್ಯವಲ್ಲ, ಲೆಕ್ಕದ ಅಳತೆ: 13 ಶಿಲ್ಲಿಂಗ್ 4 ಪೆನ್ನಿ, ಪೌಂಡಿನ ಮೂರನೇ ಎರಡು ಭಾಗ. ಉಯಿಲಿನ 100 ಮಾರ್ಕ್ ಎಂದರೆ 66 ಪೌಂಡ್ 13 ಶಿಲ್ಲಿಂಗ್ 4 ಪೆನ್ನಿ. ಮೂರು, ಲಾಯದ ಸಾಲನ್ನು ಬಿಟ್ಟು ಓದುವುದು. ಎಷ್ಟು ಕುದುರೆಗೆ ಹುಲ್ಲು, ಓಟ್ಸ್ ಕೊಟ್ಟರು ಎಂಬ ಸಂಖ್ಯೆ ಇದ್ದಕ್ಕಿದ್ದಂತೆ ಏರಿದರೆ, ಅವತ್ತು ಅತಿಥಿಗಳು ಬಂದಿದ್ದಾರೆ ಎಂದರ್ಥ. ಅತಿಥಿಯ ಹೆಸರಿಲ್ಲದ ದಿನವೂ ಅದು ಸುಳಿವು ಕೊಡುತ್ತದೆ.

ಒಂದೊಂದು ಕಡೆ ಒಂದೊಂದು ಇಸವಿ ಇರುತ್ತೆ. ಹೊಂದಿಸೋದು ಹೇಗೆ?

ಮೊದಲು ವರ್ಷ ಯಾವಾಗ ಶುರುವಾಗುತ್ತದೆ ಎಂದು ನೋಡಿ. ಇಂಗ್ಲೆಂಡಿನಲ್ಲಿ ಆಗ ಹೊಸ ಇಸವಿ ಮಾರ್ಚ್ 25ಕ್ಕೆ. ಹಾಗಾಗಿ ಬ್ರಿಸ್ಟಲ್ ಘಟನೆಯ ಫೆಬ್ರವರಿ, ನಮ್ಮ ಲೆಕ್ಕದ 1316, ಹಳೆಯ ಬರಹದಲ್ಲಿ 1315 ಎಂದಿರಬಹುದು.

ಸರ್ಕಾರಿ ಕಾಗದಗಳಲ್ಲಿ ಇಸವಿಯ ಬದಲು ಆಳ್ವಿಕೆಯ ವರ್ಷ ಇರುತ್ತದೆ. ಎರಡನೇ ಎಡ್ವರ್ಡನ ವರ್ಷ ಜುಲೈ 8ಕ್ಕೆ ಶುರು, ಮೊದಲ ವರ್ಷ 1307. ಅದೇ 1316ರ ಫೆಬ್ರವರಿ 4 ಅವನ ಒಂಬತ್ತನೇ ವರ್ಷಕ್ಕೆ ಬೀಳುತ್ತದೆ. ಮೂರನೇ ಎಡ್ವರ್ಡನ ವರ್ಷ 1327ರಿಂದ, ಜನವರಿ 25ಕ್ಕೆ ಶುರು.

ಮನೆವಾರ್ತೆಯ ಲೆಕ್ಕದ ವರ್ಷ ಇವೆರಡೂ ಅಲ್ಲ: ಸೆಪ್ಟೆಂಬರ್ 29ರ ಸಂತ ಮೈಕೇಲನ ಹಬ್ಬದಿಂದ ಮುಂದಿನ ಹಬ್ಬದವರೆಗೆ, ಸುಗ್ಗಿ ಮುಗಿದ ಮೇಲೆ. ಆದ್ದರಿಂದ ‘ಮೂರನೇ ಎಡ್ವರ್ಡನ 12–13ನೇ ವರ್ಷ’ ಎಂಬ ಸುರುಳಿ 1338ರ ಸೆಪ್ಟೆಂಬರ್‌ನಿಂದ 1339ರ ಸೆಪ್ಟೆಂಬರ್‌ವರೆಗಿನದು. ಟಿಪ್ಪಣಿ ಮಾಡಿಕೊಳ್ಳುವಾಗ ಎರಡೂ ಇಸವಿಗಳನ್ನು 1338/39 ಎಂದು ಬರೆದಿಟ್ಟುಕೊಳ್ಳಿ. ಒಂದೇ ಇಸವಿ ಬರೆದರೆ ಆ ವರ್ಷದ ಕ್ರಿಸ್‌ಮಸ್ ಖರ್ಚನ್ನೋ ಉಪವಾಸದ ಮೀನಿನ ಖರ್ಚನ್ನೋ ತಪ್ಪು ವರ್ಷಕ್ಕೆ ಸೇರಿಸಿಬಿಡುತ್ತೀರಿ.